ಬಾಡದ ಶೇರು ಕೊಟ್ಟ ಕೀರ್ತನ್ ಅವರಿಗೆ

ಮಾನ್ಯರೇ,

ಮಣಿಪಾಲದ ಹೂಡಿಕೆ ಸಲಹೆಗಾರರಾದ ತಮಗೆ, ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಸೆಲೀನ್ ಅವರ ಮಗಳು ಝೀಟಾ ಮಾಡುವ ನಮಸ್ಕಾರಗಳು. ತಮ್ಮೆದುರು ನಿಂತು ಮಾತನಾಡಲು ನನಗೆ ನಾಚಿಕೆ. ಆದ್ದರಿಂದ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಕಳೆದ ವರ್ಷ ತಾವು ನಮ್ಮ ಹೂವಿನ ಕಟ್ಟೆಗೆ ಬಂದು, ಕಂಪ್ಯೂಟರಿಗೆ ಬುದ್ಧಿ ಕಲಿಸುವ ಒಂದು ಕಂಪೆನಿಯ ಶೇರನ್ನು ಎಷ್ಟು ಚೆಂದವಾಗಿ ವರ್ಣಿಸಿದಿರೆಂದರೆ, ಅಮ್ಮ ಸ್ಕೂಟರಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಅದಕ್ಕೇ ಹಾಕಿದರು. ಸ್ಕೂಟರ್ ನಮಗೆ ಶೋಕಿಗಲ್ಲ. ಬಸ್ಸು ತಡವಾದರೆ ಹೂವಿನ ವ್ಯಾನ್ ಹೊರಟುಹೋಗಿರುತ್ತದೆ, ಆ ದಿನದ ಮಲ್ಲಿಗೆ ನಮ್ಮ ಮನೆಯ ಆಡಿಗೂ ಬೇಡ.

ಶೇರು ಏರಿದಾಗಲೆಲ್ಲ ತಾವು 'ನಾನು ಹೇಳಿದ್ದೆ ಅಲ್ವಾ' ಎಂದು ಸಂದೇಶ ಕಳುಹಿಸಿದಿರಿ. ಇಳಿದಾಗ ಅಮೆರಿಕದ ಬಡ್ಡಿ, ಚೀನಾದ ಕಾರ್ಖಾನೆ, ಯಾವುದೋ ಸಮುದ್ರದಲ್ಲಿ ಸಿಕ್ಕಿಕೊಂಡ ಹಡಗು ಎಂದಿರಿ. ಏರಿಕೆಯನ್ನು ಒಬ್ಬರೇ ಹೊತ್ತು, ಇಳಿಕೆಯನ್ನು ಇಡೀ ಪ್ರಪಂಚಕ್ಕೆ ಹಂಚುವ ತಮ್ಮ ಔದಾರ್ಯಕ್ಕೆ ಕಾಪು ತಾಲೂಕಿನಲ್ಲಿ ಸಾಟಿಯಿಲ್ಲ.

ತಪ್ಪು ನಮ್ಮದೂ ಇದೆ. ಬೆಳಗಿನ ದರಕ್ಕೆ ಮಾರದ ಹೂವು ನಾಳೆಗೆ ಕಂದುತ್ತದೆ ಎಂಬುದನ್ನು ಬಿಟ್ಟು ಬೇರೆ ವಿದ್ಯೆ ಅಮ್ಮನಿಗೆ ಗೊತ್ತಿಲ್ಲ. 'ಹತ್ತು ವರ್ಷ ಇಡಿ ಸೆಲೀನಕ್ಕ' ಎಂದು ತಾವು ಹೇಳಿಹೋದ ಮೇಲೆ ಅವರು, 'ಹತ್ತು ವರ್ಷ ಇಡ್ಲಿಕ್ಕೆ ಅದು ಎಂತ ಉಪ್ಪಿನಕಾಯಿಯಾ ಮಾರಾಯ್ತಿ' ಎಂದರು. ದರ ಚೆನ್ನಾಗಿದ್ದ ಒಂದು ಮಂಗಳವಾರ, 'ಇವತ್ತಿನ ರೇಟಿಗೆ ಕೊಟ್ಟುಬಿಡು ಝೀಟಾ, ನಾಳೆ ಕಂದ್ತದೆ' ಎಂದು ನನ್ನ ಮೊಬೈಲಿನಿಂದ ಎಲ್ಲವನ್ನೂ ಮಾರಿಸಿದರು. ವಿಷಯ ತಿಳಿದ ತಾವು ಫೋನಿನಲ್ಲಿ ಅರ್ಧ ಗಂಟೆ ನಮಗೆ ಬುದ್ಧಿ ಹೇಳಿದಿರಿ. ಮುಂದಿನ ವಾರ ಆ ಶೇರು ಅರ್ಧಕ್ಕೆ ಇಳಿಯಿತು, ಮಾರಿದ ಹಣಕ್ಕೆ ನಮ್ಮ ಮನೆಗೆ ಸ್ಕೂಟರ್ ಬಂತು.

ಇಷ್ಟಕ್ಕೆ ದೂರಿಲ್ಲ. ಆದರೆ ತಮ್ಮ ಹೊಸ ಕರಪತ್ರದಲ್ಲಿ ಅಮ್ಮ ಸ್ಕೂಟರಿನ ಪಕ್ಕ ನಿಂತ ಫೋಟೊ ಇದೆ, ಕೆಳಗೆ 'ನಮ್ಮ ಸಲಹೆಯ ಫಲ' ಎಂದಿದೆ. ಅದನ್ನು ನಂಬಿ ಪೆರ್ಡೂರಿನ ಪುಷ್ಪಾವತಿ ಚಿಕ್ಕಮ್ಮ ಚಿನ್ನದ ಬಳೆ ಮಾರಿ ಶೇರು ಕೊಳ್ಳಲು ಹೊರಟಿದ್ದರು. ದಯವಿಟ್ಟು ಫೋಟೊ ತೆಗೆದುಹಾಕಬೇಡಿ, ಅಮ್ಮ ಅದರಲ್ಲಿ ಚೆಂದ ಕಾಣುತ್ತಾರೆ. ಕೆಳಗಿನ ಸಾಲನ್ನು 'ನಮ್ಮ ಸಲಹೆ ಕೇಳದ ಫಲ' ಎಂದು ತಿದ್ದಿದರೆ ಸಾಕು. ಜೊತೆಗೆ, ತಮ್ಮ ಯಾವ ಸಲಹೆಯನ್ನು ಕೇಳಬಾರದು ಎಂಬುದನ್ನು ದಿನಾ ಬೆಳಿಗ್ಗೆ ಮಲ್ಲಿಗೆಯ ದರದೊಂದಿಗೇ ಕಟ್ಟೆಯಲ್ಲಿ ಪ್ರಕಟಿಸಬೇಕು. ಅಮೆರಿಕದವರಿಗೂ ಹೇಳಿ, ನಮ್ಮ ಮಲ್ಲಿಗೆಗೆ ಇರುವಂತೆ ಬೆಳಿಗ್ಗೆ ಒಮ್ಮೆ ದರ ನಿಗದಿಯಾದರೆ ಸಂಜೆಯವರೆಗೆ ಅದನ್ನು ಮುಟ್ಟದಂತೆ ಏರ್ಪಾಡು ಮಾಡಿಸಬೇಕು.

ಸಲಹೆಯಲ್ಲಿ ಅಲ್ಲದಿದ್ದರೂ ತಮ್ಮ ಒಳ್ಳೆಯತನದಲ್ಲಿ ನಂಬಿಕೆಯಿಟ್ಟ

ತಮ್ಮ ವಿಶ್ವಾಸಿ,
ಝೀಟಾ

ಮರೆತ ಮಾತು: ತಾವು ಆ ಶೇರನ್ನು ಇನ್ನೂ ಇಟ್ಟುಕೊಂಡಿದ್ದೀರೆಂದೂ, ಕಾರು ಮಾರಿ ಕಟಪಾಡಿಯಲ್ಲಿ ಬಸ್ಸಿಗೆ ನಿಲ್ಲುತ್ತೀರೆಂದೂ ಕೇಳಿದೆವು. ಹೂವು ಕೊಟ್ಟು ಬರುವಾಗ ಅಮ್ಮ ಆ ದಾರಿಯಲ್ಲೇ ಬಂದು ತಮ್ಮನ್ನು ಸ್ಕೂಟರಿನಲ್ಲಿ ಕೂರಿಸಿಕೊಳ್ಳುತ್ತಾರಂತೆ. ಸ್ವಲ್ಪ ತಡವಾದೀತು. ಕಾಯುವುದನ್ನು ತಮಗೆ ನಾವು ಕಲಿಸಬೇಕಾಗಿಲ್ಲ.