ಹುಳುವಿಗೆ ಸೋಮವಾರ ಗೊತ್ತಿಲ್ಲ

ಊರು ದೊಡ್ಡದಾಗುವಾಗ ಇಂಥವು ನಡೆಯುತ್ತಲೇ ಇರುತ್ತವೆ. ರಾಮನಗರ ಬೇಗ ದೊಡ್ಡದಾಯಿತು, ಹಾಗಾಗಿ ಕೊಂಚ ಹೆಚ್ಚೇ ನಡೆದವು. ನಾನು ಅಲ್ಲಿ ಒಂದು ಪಾರ್ಸೆಲ್ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ.

ಹಳೆಯ ಪದ್ಧತಿ

ಮೊದಲೆಲ್ಲ ಕನಕಪುರದಿಂದ ಏನಾದರೂ ಬರಬೇಕಿದ್ದರೆ ಬಸ್ಸಿನ ಟಾಪಿಗೆ ಹಾಕುತ್ತಿದ್ದರು. ಊರು ಬಂದಾಗ ಕಂಡಕ್ಟರ್ ಸೀಟಿ ಊದಿ ಇಳಿಸುತ್ತಿದ್ದ. ತೀರಾ ಹಿಂದುಳಿದ ಪದ್ಧತಿ. ಸಾಮಾನು ಅದೇ ದಿನ ತಲುಪಿಬಿಡುತ್ತಿತ್ತು.

ಆಮೇಲೆ ನಮ್ಮ ಕಂಪನಿ ದೊಡ್ಡ ಗೋಡೌನು ಕಟ್ಟಿ ಅದಕ್ಕೆ ಹಬ್ ಎಂದು ಹೆಸರಿಟ್ಟಿತು. ಎಲ್ಲ ಮಾಲೂ ಮೊದಲು ಹಬ್‌ಗೆ ಬರಬೇಕು, ಅಲ್ಲಿಂದ ಹೊರಡಬೇಕು.

ಲಾರಿಗೆ ಅಡ್ಡ ನಿಂತವರು

ಕೈಲಾಂಚ ಹೋಬಳಿಯ ರೈತರೊಬ್ಬರು ಕನಕಪುರದಿಂದ ಚಂದ್ರಿಕೆ ತರಿಸಿದರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ ಅದು. ಶನಿವಾರ ಹುಳು ಹಣ್ಣಾಗಿ ಗೂಡು ಕಟ್ಟಲು ಏಳುವುದಿತ್ತು. ನೆರೆಯವರ ಚಂದ್ರಿಕೆಗಳೂ ಭರ್ತಿ. ಇವು ಬಾರದಿದ್ದರೆ ತಿಂಗಳ ದುಡಿಮೆ ತಿಪ್ಪೆಗೆ. ಹಬ್‌ಗೆ ಹೊರಟ ನಮ್ಮ ಲಾರಿ ಶುಕ್ರವಾರ ಅವರ ಮನೆ ಮುಂದೆಯೇ ಬಂತು. ಅವರು ಅಡ್ಡ ನಿಂತರು.

“ಅಣ್ಣಾ, ನನ್ ಚಂದ್ರಿಕೆ ಮೇಲೇ ಕಾಣ್ತಾವಲ್ಲ, ಇಳಿಸ್ಬುಡು!”

“ಆಗಕಿಲ್ಲ ಗೌಡ್ರೆ,” ಎಂದ ಡ್ರೈವರ್. “ಇವು ಇನ್ನೂ ನಿಮ್ಮೂರಿಗೆ ಹೊಂಟೇ ಇಲ್ಲ.”

ನಿಯಮಾವಳಿ

ಶನಿವಾರ ಬೆಳಿಗ್ಗೆ ಗೌಡರು ಹಬ್‌ಗೇ ಬಂದರು. ಮ್ಯಾನೇಜರ್ ನಯವಾಗಿ ವಿವರಿಸಿದರು: ಮನೆ ಬಾಗಿಲಿಗೆ ಬುಕ್ ಆಗಿದೆ, ಇಲ್ಲಿ ಕೊಡುವಂತಿಲ್ಲ, ಆ ಕಡೆಯ ವ್ಯಾನು ಸೋಮವಾರ.

“ಹುಳಕ್ಕೆ ಸೋಮ್ವಾರ ಗೊತ್ತಾ ಸ್ವಾಮಿ?”

“ನಿಯಮ, ಗೌಡರೇ.”

“ಆಯ್ತು. ಮಾಲು ಆಚೀಕೆ ಬುಡಂಗಿಲ್ಲ. ಹುಳ ಒಳೀಕೆ ಬುಡಬಾರ್ದು ಅಂತ ಬರ್ದೈತಾ?”

ಮ್ಯಾನೇಜರ್ ನನ್ನ ಕಡೆ ನೋಡಿದರು. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಕಂಪನಿಯಲ್ಲಿ ಅದೇ ಮೊದಲು. ಬರೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟೆಂಪೋದಲ್ಲಿ ಹುಳು ಬಂದಿಳಿದು, ಹಬ್‌ನಲ್ಲೇ ಇದ್ದ ಚಂದ್ರಿಕೆ ಏರಿದವು.

ವ್ಯಾನು ಬಂದ ದಿನ

ಗೂಡು ಕಟ್ಟುವ ಹುಳುವಿಗೆ ವಾಸನೆ ಆಗದು, ಅಲುಗಾಟ ಆಗದು. ಡ್ರೈವರುಗಳ ಬೀಡಿ ನಿಂತಿತು, ಮ್ಯಾನೇಜರ ಊದುಬತ್ತಿಯೂ ನಿಂತಿತು. ಗೌಡರು ಬಾಗಿಲಲ್ಲಿ ಕೂತು, “ಮೆತ್ತಗೆ ನಡೀರ್ಲಾ” ಎಂದು ಹಮಾಲಿಗಳನ್ನು ಗದರುತ್ತಿದ್ದರು.

ಸೋಮವಾರ ನಿಯಮದಂತೆ ವ್ಯಾನು ಬಂತು. “ಮುಟ್ಟೀರಾ ಜೋಕೆ! ಗೂಡು ಇನ್ನೂ ಎಳೇದು” ಎಂದರು ಗೌಡರು. ವ್ಯಾನು ಖಾಲಿ ಹೋಯಿತು.

ಗುರುವಾರ ಗೂಡು ಬಿಡಿಸಿ ಮಾರುಕಟ್ಟೆಗೆ ಹೊತ್ತರು. ಅದು ಹಬ್‌ನಿಂದ ಕೂಗಳತೆಯಲ್ಲಿತ್ತು. ಒಳ್ಳೆಯ ರೇಟು ಸಿಕ್ಕಿತೆಂದು ನಮಗೆಲ್ಲ ಕಾಫಿ ಕುಡಿಸಿದರು.

ಮ್ಯಾನೇಜರ್ ಉಸಿರು ಬಿಟ್ಟು, “ಗೌಡರೇ, ಇವತ್ತೇ ಸ್ಪೆಷಲ್ ವ್ಯಾನಿನಲ್ಲಿ ಚಂದ್ರಿಕೆ ನಿಮ್ಮ ಮನೆಗೆ ಕಳಿಸುತ್ತೇನೆ” ಎಂದರು.

“ಯಾಕ್ ಸ್ವಾಮಿ ಅವಸ್ರ? ಮುಂದಿನ್ ಬೆಳೆ ಇನ್ನೊಂದ್ ತಿಂಗ್ಳಿಗೆ ಹಣ್ಣಾಯ್ತದೆ. ಅಲ್ಲೀಗಂಟ ಆ ರೂಲ್ಸ್ ಒಂದ ಬದ್ಲಾಯಿಸ್ಬ್ಯಾಡಿ.”