ದೊಡ್ಡಪ್ಪನ ನೆನಪೋಲೆಗಳು

ನಾಳೆ ಯಮನೇ ಬಂದು ಬಾಗಿಲಲ್ಲಿ ನಿಂತರೂ ನಮ್ಮ ದೊಡ್ಡಪ್ಪ ಮೊದಲು ಕೇಳುವುದು, "ಆದೇಶದ ಪ್ರತಿ ಎಲ್ಲಿ?" ಎಂದೇ! ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಖಾತೆ ಬದಲಾವಣೆಗೆ ಅರ್ಜಿ ಬರೆಸಲು ಬುಕ್ಕಾಂಬುಧಿ, ಚೌಳಹಿರಿಯೂರು ಕಡೆಯ ಜನ ಇವತ್ತಿಗೂ ಅಜ್ಜಂಪುರದ ನಮ್ಮ ಮನೆಗೇ ಬರುತ್ತಾರೆ. ಬರಲಿ, ಬೇಡ ಅಂದವರಾರು? ಆದರೆ ದೊಡ್ಡಪ್ಪ ನನ್ನ ತಂಟೆಗೆ ಯಾಕೆ ಬರಬೇಕು?

ಬಿ.ಎ. ಮುಗಿಸಿ, ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂದು ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಸಂದರ್ಶನದ ಕರೆಗೆ ಕಾಯುತ್ತಿದ್ದೆ. ಅರ್ಜಿ ತಲುಪಿದೆಯೆಂಬ ಇಮೇಲ್ ತೋರಿಸಿದರೆ ದೊಡ್ಡಪ್ಪ ಕನ್ನಡಕ ಏರಿಸಿ, "ಇದ್ರಲ್ಲಿ ಇನ್‌ವರ್ಡ್ ನಂಬರೇ ಇಲ್ವಲ್ಲೇ," ಎಂದರು. ಮೊಬೈಲ್ ಟಿಣ್ ಎಂದರೆ ಹಿತ್ತಲಿಂದ ಓಡಿಬರುತ್ತಿದ್ದರು. ನೋಡಿದರೆ ಸಾಲ ಬೇಕೇ ಎಂಬ ಸಂದೇಶ! ಊರಿಗೆಲ್ಲ ಡಂಗುರ ಸಾರಿದ್ದರಿಂದ ಕಡೂರು ಬಸ್ಸಿನ ಕಂಡಕ್ಟರೂ ಟಿಕೆಟ್ ಹರಿಯುವ ಮೊದಲು ಕರೆ ಬಂತಾ ಎಂದು ವಿಚಾರಿಸುತ್ತಿದ್ದ. ಸಾಲದ್ದಕ್ಕೆ ದೊಡ್ಡಪ್ಪನ ಕುಟುಕು ಬೇರೆ:

"ಮೂರು ವರ್ಷ ಮನಸ್ಸಿನ ಬಗ್ಗೆ ಓದಿದೀಯ. ಅವರ ಮನಸ್ಸಲ್ಲಿ ಏನೈತೆ ಅಂತ ಗೊತ್ತಾಗಲ್ವಾ?"

ಅಷ್ಟರಲ್ಲಿ ಎರಡು ಕಡೆಯಿಂದ 'ವಿಷಾದಿಸುತ್ತೇವೆ' ಎಂದು ಬಂತು. ಉಳಿದವೆರಡೂ ಕೈಕೊಟ್ಟರೆ ನನಗೆ ಒಂದು ವರ್ಷ ಮನೆಯೇ ಗತಿ. ಹಾಗಿರುವಾಗ ಒಂದು ಬೆಳಿಗ್ಗೆ ಅವೆರಡರಲ್ಲೊಂದು ವಿಶ್ವವಿದ್ಯಾಲಯದ ಕಚೇರಿಯಿಂದಲೇ ಫೋನು! 'ಹೇಳಿ' ಎನ್ನುತ್ತ ಎದ್ದು ನಿಂತೆ.

"ಮೇಡಂ, ನಿಮ್ಮ 'ನೆನಪೋಲೆ-೨' ಬಂದಿದೆ. ಒಂದನೇದು ಸಿಕ್ಕಿಲ್ಲ. ಕಳ್ಸಿದ್ರಾ?"

ನಾನೆಲ್ಲಿ ಕಳಿಸಿದೆ? ಉತ್ತರ ಬಾರದ ಕಾಗದಕ್ಕೆ ಕಚೇರಿಯವರು ನೆನಪೋಲೆ ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಈ ಮಹಾನುಭಾವರು ನನ್ನ ಹೆಸರಿನಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ ನಡೆಸಿದ್ದರು! ನಾನು ಮಾನ ಹೋಯಿತೆಂದು ಕೂಗಾಡಿದೆ. ದೊಡ್ಡಪ್ಪನ ಮುಖದಲ್ಲಿ ಗೆದ್ದ ಕಳೆ.

"ನೋಡ್ದಾ, ಫೈಲು ಅಲ್ಲಾಡ್ತು ಕಣೇ. ಫೈಲು ತಾನಾಗಿ ನಡೆಯಲ್ಲ, ನಡೆಸ್ಬೇಕು."

ಮೂರನೆಯದೇನಾದರೂ ಬರೆದರೆ ನಿಮ್ಮ ಜೊತೆ ಮಾತೇ ಆಡುವುದಿಲ್ಲ ಎಂದೆ. ಅವರು ಹೂಂ ಎಂದರು. ಮಾರನೆಯ ದಿನ ನೋಡಿದರೆ ಅವರ ಮೇಜಿನ ಮೇಲೆ 'ನೆನಪೋಲೆ-೩'! ಈ ಮನುಷ್ಯನಿಗೆ ಹೇಳಿದ್ದು ಕಿವಿಗೆ ಹೋಗುತ್ತದೋ ಇಲ್ಲವೋ! ಹರಿದುಹಾಕಲೆಂದೇ ಎತ್ತಿಕೊಂಡೆ. ಈ ಸಲ ಕೆಳಗೆ ಅವರದೇ ಸಹಿ ಇತ್ತು.

'ವಿಷಯ: ನಮ್ಮ ಹುಡುಗಿ ಊಟ ಬಿಟ್ಟಿರುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹುಡುಗಿ ಮೂರು ವಾರಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ನಗುತ್ತಲೂ ಇಲ್ಲ. ಕರೆಯುವುದಿದ್ದರೆ ಬೇಗ ಕರೆಯಿರಿ. ಇಲ್ಲವಾದಲ್ಲಿ ಆ ಸುದ್ದಿಯನ್ನು ದಯಮಾಡಿ ಮೊದಲು ನನಗೆ ತಿಳಿಸಿ. ಅವಳಿಗೆ ನಾನು ಹೇಳುತ್ತೇನೆ.'

ಕಣ್ಣು ತುಂಬಿ ಬಂತು. ಕಾಗದವನ್ನು ಇದ್ದ ಹಾಗೆಯೇ ಇಟ್ಟೆ. ಮಧ್ಯಾಹ್ನ ಯಾರೂ ಕರೆಯದಿದ್ದರೂ ಹೋಗಿ ದೊಡ್ಡಪ್ಪನ ಪಕ್ಕ ಕೂತು, ಒಂದು ಮುದ್ದೆ ಉಂಡು ಇನ್ನರ್ಧ ಹಾಕಿಸಿಕೊಂಡೆ. ಅವರು ಸಾರಿನ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದರು.