ಹೊಟ್ಟೆಗೆ ಕಲ್ಲು ಹಾಕಿದವರು ಯಾರು?

ಬಲಪಕ್ಕೆಯ ಅಡಿಯಲ್ಲಿ, ಯಕೃತ್ತಿನ ನೆರಳಿನಲ್ಲಿ ಸುಖವಾಗಿ ವಾಸಿಸುತ್ತಿರುವ ಪಿತ್ತಕೋಶದವರ ಸನ್ನಿಧಾನಕ್ಕೆ, ಹೆತ್ತೂರು ಕಡೆಯ ಎಸ್ಟೇಟುಗಳಲ್ಲಿ ಮರಗಸಿ ಮಾಡುವ, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ಮರ ಹತ್ತಿ ಕೊಂಬೆ ಕಡಿಯುವ ಬಸವಯ್ಯನ ನಮಸ್ಕಾರಗಳು.

ಮಾನ್ಯರೇ, ನಲವತ್ತಾರು ವರ್ಷ ಒಂದೇ ಮೈಯಲ್ಲಿದ್ದೂ ತಮ್ಮ ಪರಿಚಯ ಮಾಡಿಕೊಳ್ಳದೇ ಹೋದದ್ದು ನನ್ನದೇ ತಪ್ಪು. ಪಿತ್ತ ನೆತ್ತಿಗೇರುತ್ತದೆಂದು ಕೇಳಿದ್ದೆ. ತಮ್ಮದು ಅಷ್ಟು ದೂರ ಹೋಗುವ ತೊಂದರೆ ತೆಗೆದುಕೊಳ್ಳದೆ ನನ್ನ ಬಲಭುಜದಲ್ಲೇ ಇಳಿದುಕೊಂಡಿತು, ಅದೂ ಬಾಡೂಟ ಮುಗಿಸಿ ಕೈ ತೊಳೆದ ಮೇಲೆ. ನನ್ನ ಹೆಂಡತಿ ಭೂತಮ್ಮ ಎಣ್ಣೆ ಕಾಯಿಸಿ ತಿಕ್ಕಿ ತಿಕ್ಕಿ ಭುಜದ ಚರ್ಮ ಸುಲಿಯುವಾಗ, ತಾವು ಒಳಗೆ ಕುಳಿತು ಆ ಉಪಚಾರವನ್ನು ನೋಡಿ ಆನಂದಿಸಿರಬೇಕು.

ಭುಜ ನೋಯುವವನು ಇನ್ನೇನೆಂದುಕೊಂಡಾನು? ಹಿಂದಿನ ವಾರವಷ್ಟೇ ಏಣಿ ಜಾರಿ ನಾನು ಬಲಗೈಯಲ್ಲಿ ಕೊಂಬೆಗೆ ಜೋತುಬಿದ್ದಿದ್ದೆ. ಕೆಳಗೆ ಏಣಿ ಹಿಡಿದಿದ್ದವನು ಹದಿನೆಂಟು ವರ್ಷದಿಂದ ಜೊತೆಗಿದ್ದ ಲಕ್ಕಯ್ಯ. ಹಾನುಬಾಳಿನ ಟೀ ಅಂಗಡಿ ಮುಂದೆ ನಿಂತು, ಹತ್ತು ಜನ ಕೇಳುವ ಹಾಗೆ, "ಈ ಲಕ್ಕಯ್ಯ ನನ್ನ ಹೊಟ್ಟೆಗೆ ಕಲ್ಲು ಹಾಕ್ಬುಟ್ಟ ಕಣ್ರೀ, ಇನ್ನು ನಾನು ಮರ ಹತ್ತಂಗಿಲ್ಲ" ಎಂದುಬಿಟ್ಟೆ. ಅವನು ಹಿಡಿದ ಏಣಿಯನ್ನು ಆಮೇಲೆ ಯಾರೂ ಹತ್ತಲಿಲ್ಲ. ಈ ಮರಗಸಿ ಕಾಲವೆಲ್ಲ ಅವನು ಕೆಲಸವಿಲ್ಲದೆ ಮನೆಯಲ್ಲೇ ಕುಳಿತ.

ಮೊನ್ನೆ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ತಮ್ಮ ಭಾವಚಿತ್ರ ತೋರಿಸಿದರು. ಏಳು ಕಲ್ಲು, ನಿಜವಾಗಿಯೂ ನನ್ನ ಹೊಟ್ಟೆಯಲ್ಲಿ. ತಮ್ಮ ನೆರೆಯ ನರವೂ ಭುಜದ ನರವೂ ಕತ್ತಿನ ಹತ್ತಿರ ಒಂದೇ ಕಡೆ ಸೇರುವುದರಿಂದ, ನೋವು ಎಲ್ಲಿಂದ ಹೊರಟಿತೆಂದು ತಿಳಿಯದೆ ಮೆದುಳು ಅದನ್ನು ಭುಜದ ಮೇಲೆ ಹೊರಿಸುತ್ತದಂತೆ. ನಾನು ಅದನ್ನು ಲಕ್ಕಯ್ಯನ ಮೇಲೆ ಹೊರಿಸಿದೆ. ನಾಚಿಕೆಯಾಗುತ್ತಿದೆ.

ಆದಕಾರಣ, ತಾವು ಇನ್ನು ಮುಂದೆ ನೋವನ್ನು ಸ್ವಂತ ವಿಳಾಸದಿಂದಲೇ ಕಳುಹಿಸಬೇಕೆಂದೂ, ಖುದ್ದಾಗಿ ಲಕ್ಕಯ್ಯನ ಮನೆಗೆ ನಡೆದುಹೋಗಿ ಕ್ಷಮೆ ಕೇಳಬೇಕೆಂದೂ ಪ್ರಾರ್ಥಿಸುತ್ತೇನೆ. ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ?

ಆಪರೇಷನ್ ಆಗುವ ಗುರುವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಬಸವಯ್ಯ

ವಿ.ಸೂ.: ತಾವು ಹೊರಡುವ ಲಕ್ಷಣ ಕಾಣದೆ ನಿನ್ನೆ ನಾನೇ ಹೋಗಿದ್ದೆ. ಲಕ್ಕಯ್ಯ ಪೂರ್ತಿ ಕೇಳಿಸಿಕೊಂಡು, ಕಾಫಿ ಕೊಡಿಸಿ, "ಕಲ್ಲನ್ನ ಬಾಟ್ಲೀಲಿ ಹಾಕಿ ಕೊಡ್ತಾರಂತಲ್ಲ ಮಾರಾಯ, ಇಸ್ಕಂಡು ಬಾ. ಅದೇ ಅಂಗಡಿ ಮುಂದೆ ನಿಂತು ತೋರ್ಸು" ಎಂದ. ತಮ್ಮ ಏಳೂ ಮಕ್ಕಳನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹಾನುಬಾಳಿಗೆ ಕರೆದೊಯ್ಯುತ್ತೇನೆ. ಅಷ್ಟು ಹೊತ್ತಿಗೆ ತಾವು ಪಾರಾಗಿರುತ್ತೀರಿ. ಅಂಗಡಿ ಮುಂದೆ ನಿಲ್ಲಬೇಕಾದವನು ನಾನು.